ರೀಲು ಬಿಡೋರ ಮನೆ

ಮಾರ್ಚ್ 3, ಸೋಮವಾರ

ಶ್ರೀಮದ್ರಾಜಾಧಿರಾಜ, ಬೆನ್ನು ಕಿತ್ತುಹೋದ ಡೈರಿ ಮಹಾಪ್ರಭುಗಳ ಪಾದಗಳಿಗೆ ಹಳೇ ಫಿಲ್ಮ್ ಒರೆಸುವ ವಿಭಾಗದ ಕಿರಿಯ ನೌಕರನ ಸಾಷ್ಟಾಂಗ ನಮಸ್ಕಾರಗಳು. ತಮ್ಮ ಆಳ್ವಿಕೆಯಲ್ಲಿ ಇಂದು ನಾಲ್ಕು ರೀಲು ಒರೆಸಿ, ಸ್ಕ್ಯಾನ್ ಮಾಡಿ, ಕಂಪ್ಯೂಟರಿಗೆ ಇಳಿಸಲಾಯಿತು. ಊಟದ ಬಿಡುವಿನಲ್ಲಿ ಫೋನ್ ಬಿಸಿಯಾಗುವವರೆಗೆ ರೀಲ್ಸ್ ನೋಡಲಾಯಿತು. ತಡವಾಗಿದ್ದಕ್ಕೆ ಮೇಡಂ ಎದುರು 'ಲಿಫ್ಟ್ ಕೆಟ್ಟಿತ್ತು' ಎಂದು ರೀಲು ಬಿಡಲಾಯಿತು. ಆಫೀಸು ನೆಲಮಹಡಿಯಲ್ಲಿದೆ.

ಮನೆಯಲ್ಲಿ ಮಾತ್ರ ಈ 'ರೀಲು' ಅನ್ನುವ ಪದ ಎತ್ತುವ ಹಾಗಿಲ್ಲ. ನಿನ್ನೆಯಿಂದ.

ಅಕ್ಕನನ್ನು — ದೊಡ್ಡಪ್ಪನ ಮಗಳು — ಮದುವೆಯಾಗುವ ಹುಡುಗನ ಮನೆಯವರು ಬಂದಿದ್ದರು. ದೊಡ್ಡಪ್ಪ ಶುರುಮಾಡಿದರು. "ವಯಸ್ಸಿನಲ್ಲಿ ಒಂದು ಪಿಕ್ಚರ್‌ನಲ್ಲಿ ಮಾಡಿದ್ದೆ. ಹೀರೋಯಿನ್ ಹಿಂದೆ ಸೈಕಲ್ಲಿನಲ್ಲಿ ಹೋಗೋನು ನಾನೇ."

ಅಕ್ಕ ತಡೆದಳು. "ಇದನ್ನೆಲ್ಲ ನಂಬಬೇಡಿ. ನಮ್ಮಪ್ಪಂದು ಬರೀ ರೀಲು!"

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಾನು. ದೊಡ್ಡಪ್ಪನೂ ನಕ್ಕರು. ಆಮೇಲೆ ಎದ್ದು ರೂಮಿಗೆ ಹೋದರು.

ಮಾರ್ಚ್ 6

ದೊಡ್ಡಪ್ಪನ ಬಾಯಲ್ಲಿ ಉಳಿದಿರುವುದು ಎರಡೇ ಮಾತು. "ಹೂಂ." "ಬೇಡ." ಅವರು ಸುಮ್ಮನಾದ ಮೇಲೆ ಗೊತ್ತಾಯಿತು — ನಮ್ಮ ಹಾಲಿನ ಫ್ಯಾನು ಕಿರುಗುಟ್ಟುತ್ತದೆ.

ಅಕ್ಕ ಅಡುಗೆಮನೆಗೆ ಎಳೆದಳು. "ಅಪ್ಪಂಗೆ ಹುಷಾರಿಲ್ವೇನೋ?"

"ನೀನು ಅಂದಿದ್ದಕ್ಕೆ ಕಣೇ."

"ಅಯ್ಯೋ, ತಮಾಷೆಗೆ ಅಂದಿದ್ದು!"

"ಹೋಗಿ ಹಾಗಂತ ಹೇಳು."

"ಹೇಳಿದೆ. ಹೂಂ ಅಂದ್ರು." ಮೂಗು ಒರೆಸಿಕೊಂಡಳು. "ನೀನೇ ಏನಾದ್ರೂ ಮಾಡೋ. ರೀಲು ಬಿಡೋದ್ರಲ್ಲಿ ಎತ್ತಿದ ಕೈ ನಿಂದು."

ಘೋರ ಅವಮಾನ. ದಾಖಲಾಗಲಿ.

ಮಾರ್ಚ್ 11

ಸಿಕ್ಕಿತು! ದೊಡ್ಡಪ್ಪ ಹೇಳುವ ಪಿಕ್ಚರ್. ನಮ್ಮ ಆಫೀಸಿನ ಸ್ಟೋರ್ ರೂಮಿನಲ್ಲೇ, ತುಕ್ಕು ಹಿಡಿದ ಡಬ್ಬ, ಮೇಲೆ ಅದೇ ಪಿಕ್ಚರಿನ ಹೆಸರು. ಮುಚ್ಚಳ ತೆಗೆದೆ. ಗಪ್ಪೆಂದು ಕೆಟ್ಟ ಫಿಲ್ಮಿನ ಹುಳಿ ವಾಸನೆ. ಫಿಲ್ಮೆಲ್ಲ ಒಂದಕ್ಕೊಂದು ಅಂಟಿ ಇಟ್ಟಿಗೆ ಆಗಿದೆ. ಮುಗಿಯಿತು ಕಥೆ.

ಮಾರ್ಚ್ 12

ಒಂದು ಐಡಿಯಾ ಬಂದಿದೆ. ಒಳ್ಳೆಯದಲ್ಲ. ಅಂದರೆ ಮಾಡಲೇಬೇಕು.

ಮಾರ್ಚ್ 16, ಭಾನುವಾರ

ಬೆಳಿಗ್ಗೆ — ಶೂಟಿಂಗ್, ಆಫೀಸಿನ ಹಿಂದಿನ ಗಲ್ಲಿಯಲ್ಲಿ. ಹೀರೋಯಿನ್: ನನ್ನ ಗೆಳೆಯ, ಬಾಡಿಗೆ ವಿಗ್ಗು, ಛತ್ರಿ. ಸೈಕಲ್ ಸವಾರ: ನಾನು. ಬೆನ್ನು ಮಾತ್ರ. ವಿಡಿಯೋನ ಕಪ್ಪು ಬಿಳುಪು ಮಾಡಿದೆ, ಅದರ ಮೇಲೆ ಧೂಳು ಉದುರಿಸಿದೆ. ಯಾವ ಗೀರು ಅಳಿಸಲು ತಿಂಗಳಿಡೀ ಸಂಬಳ ತಗೊಳ್ಳುತ್ತೇನೋ, ಅದೇ ಗೀರುಗಳನ್ನು ಕೂತು ಕೂತು ಎಳೆದೆ.

ಸಂಜೆ — ಫ್ಯಾಮಿಲಿ ಗ್ರೂಪಿಗೆ ಹಾಕಿದೆ. 'ದೊಡ್ಡಪ್ಪನ ಪಿಕ್ಚರ್ ಸಿಕ್ಕಿತು!' ಅಕ್ಕ ಫೋನ್ ಹಿಡಿದು ರೂಮಿಗೆ ಓಡಿದಳು. "ಅಪ್ಪಾ, ನೀವೇ! ಬೆನ್ನು ನೋಡಿ, ನಿಮ್ಮದೇ!" ಹೇಳುತ್ತಾ ಅಳು.

ದೊಡ್ಡಪ್ಪ ಕನ್ನಡಕ ಹಾಕಿಕೊಂಡರು. ನೋಡಿದರು. ಮತ್ತೆ ನೋಡಿದರು. ಬಾಗಿಲಲ್ಲಿ ನಿಂತ ನನ್ನನ್ನೂ ನೋಡಿದರು.

"ಹೂಂ. ನಾನೇ."

ಊಟಕ್ಕೆ ಕೂತವರು ಮಾತು ನಿಲ್ಲಿಸಲಿಲ್ಲ. ಡೈರೆಕ್ಟರ್ ಬೈದಿದ್ದು, ಹೀರೋಯಿನ್ ಚಪ್ಪಲಿ ಕಿತ್ತಿದ್ದು... ಅಕ್ಕ ಕೈ ತೊಳೆಯುವುದನ್ನೂ ಮರೆತು ಕೇಳುತ್ತಿದ್ದಳು.

ಮಾರ್ಚ್ 17

ಬೆಳಿಗ್ಗೆ ದೊಡ್ಡಪ್ಪ ಬಸ್ ಸ್ಟಾಪಿನವರೆಗೂ ಜೊತೆಗೆ ಬಂದರು.

"ಆ ಸೈಕಲ್ಲಿಗೆ ಗೇರ್ ಇತ್ತಲ್ಲೋ."

ಬಸ್ ಬರುತ್ತಿದೆಯಾ ಅಂತ ಕತ್ತು ಚಾಚಿ ನೋಡಿದೆ.

"ಆಗಿನ ಸೈಕಲ್ಲಿಗೆ ಎಲ್ಲಿತ್ತೋ ಗೇರು, ಕತ್ತೆ."

"ಮತ್ತೆ ನಾನೇ ಅಂದ್ರಲ್ಲ ದೊಡ್ಡಪ್ಪ?"

"ಅವಳು ಅಷ್ಟು ಖುಷಿಯಾಗಿದ್ಲು. ಏನಂತ ಹೇಳ್ಲಿ?" ಸ್ವಲ್ಪ ದೂರ ನಡೆದು, "ಜೀವನದಲ್ಲಿ ಮೊದಲ ಸಲ ರೀಲು ಬಿಟ್ಟೆ ಕಣೋ. ನಿಜವಾದ್ದು ಸಿಗ್ಲಿಲ್ವಾ?"

"ಸಿಕ್ತು. ಹಾಳಾಗಿಹೋಗಿದೆ."

"ಹೋಗ್ಲಿ ಬಿಡು." ನನ್ನ ಕಾಲರ್ ಸರಿಮಾಡಿದರು. "ಮನೇಲಿ ನೀನೊಬ್ನಾದ್ರೂ ನಂಬಿದ್ಯಲ್ಲ. ಸಾಕು."

ಬಸ್ ಬಂತು. ಪುಣ್ಯ.

ಮಾರ್ಚ್ 18

ಮಹಾಪ್ರಭುಗಳೇ. ಹನ್ನೊಂದನೇ ತಾರೀಕು ತಮಗೂ ರೀಲು ಬಿಟ್ಟಿದ್ದೇನೆ. ಹುಳಿ ವಾಸನೆ, ಇಟ್ಟಿಗೆ — ಎಲ್ಲ ಬೇರೆ ಡಬ್ಬಗಳದ್ದು. ಆ ಡಬ್ಬದ ಮುಚ್ಚಳ ನಾನು ತೆಗೆದೇ ಇಲ್ಲ. ಕೈ ಇಟ್ಟೆ, ಅಷ್ಟೇ. ಒಳಗೆ ಫಿಲ್ಮೆಲ್ಲಾ ಸರಿಯಾಗಿದ್ದು, ಅದರಲ್ಲಿ ದೊಡ್ಡಪ್ಪನ ಸೈಕಲ್ಲೇ ಇಲ್ಲದಿದ್ದರೆ ಅಂತ ಹೆದರಿ —