ಶುಕ್ರವಾರದ ಕಂಬಳಿ

ನೆಬ್ರಾಸ್ಕಾ, ಅಕ್ಟೋಬರ್ 14

ಪ್ರೀತಿಯ ವರ್ನಾ ಅಕ್ಕನಿಗೆ,

ಸೀಸನ್ ಅರ್ಧವಾಗುವಷ್ಟರಲ್ಲೇ ಈ ಫುಟ್‌ಬಾಲ್ ಸಾಕಾಗಿಹೋಗಿದೆ. ಶನಿವಾರ ವಿಶ್ವವಿದ್ಯಾಲಯದವರು ಸೋತರು, ಭಾನುವಾರ ದುಡ್ಡಿಗೆ ಆಡುವವರೂ ಸೋತರು. ಅವರದ್ದು ಟಿವಿ ಆರಿಸಿದರೆ ಮುಗಿಯಿತು. ನಮ್ಮೂರ ಹೈಸ್ಕೂಲ್ ತಂಡದಲ್ಲಿ ಮಾತ್ರ ಗಾಯಗೊಂಡವರನ್ನು ಬಿಟ್ಟರೆ ಒಂಬತ್ತೇ ಹುಡುಗರು; ಬೇಕಾದದ್ದು ಹನ್ನೊಂದು. ಉಳಿದ ಶುಕ್ರವಾರಗಳ ಪಂದ್ಯಗಳೆಲ್ಲ ರದ್ದು ಎಂದು ಕೋಚ್ ಮನೆಗೇ ಬಂದು ಅಪ್ಪನಿಗೆ ಹೇಳಿದರು.

ಆದರೂ ಅಪ್ಪ ಕಳೆದ ಶುಕ್ರವಾರ ಬೆಳಿಗ್ಗೆ ಮೈದಾನಕ್ಕೆ ಹೋಗಿ, ಅಮ್ಮ ಇದ್ದಾಗಿನಂತೆಯೇ ಗ್ಯಾಲರಿಯಲ್ಲಿ ಎರಡು ಜಾಗಕ್ಕೆ ಕಂಬಳಿ ಹಾಸಿ ಬಂದರು.

"ಪಂದ್ಯವೇ ಇಲ್ವಲ್ಲಪ್ಪಾ?" ಎಂದೆ.

"ಗೊತ್ತು ಕಣೋ. ಹಾಸ್ದೇ ಇದ್ರೆ ಬೇರೆಯವ್ರು ಬಂದು ಕೂತ್ಬಿಡ್ತಾರೆ."

ಸಂಜೆ ಏಳಕ್ಕೆ ಹೋಗಿ ಕೂತೂ ಬಿಟ್ಟರು. ಈ ಶುಕ್ರವಾರ ನೀನು ಬಾ, ದಪ್ಪ ಕೋಟು ತಾ. ಅಮ್ಮನ ಜಾಗದಲ್ಲಿ ನನಗೆ ಕೂರಲಾಗಲಿಲ್ಲ. ಎರಡು ಗಂಟೆ ಕಾಲ ಅಪ್ಪನ ಹಿಂದೆ ನಿಂತೇ ಇದ್ದೆ.

ನಿನ್ನ ತಮ್ಮ,
ಡ್ವೇನ್