ಮ್ಯಾಟಿನ ಕೊನೆಯ ಮೊಳೆ

ಗುಬ್ಬಿ,
12 ನವೆಂಬರ್ 1998

ಕುಣಿಗಲ್ಲಿನಲ್ಲಿರುವ ಹನುಮಂತರಾಜು ಅವರಿಗೆ, ಹೆಂಡತಿ ಪುಟ್ಟಗಂಗಮ್ಮ ಬರೆಯುತ್ತಿರುವುದು.

ಮೂರು ವರ್ಷದ ಮೇಲೆ ನಿಮಗೆ ಕಾಗದ ಬರೆಯುತ್ತಿದ್ದೇನೆ. ಮೊದಲ ಹಾಳೆಯಲ್ಲಿ ಹಳೇ ಅಭ್ಯಾಸಕ್ಕೆ 'ನನ್ನವರಿಗೆ' ಎಂದು ಶುರು ಮಾಡಿಬಿಟ್ಟಿದ್ದೆ. ಅದನ್ನು ಹರಿದು ಒಲೆಗೆ ಹಾಕಿ ಈ ಹಾಳೆ ತೆಗೆದುಕೊಂಡೆ. ಅಕ್ಷರಗಳು ಕುಂಬಳಕಾಯಿ ಗಾತ್ರ ಇವೆ ಎಂದು ನಗಬೇಡಿ, ಅದಕ್ಕೂ ಕಾರಣ ಇದೆ. ಎಲ್ಲರೂ ಕ್ಷೇಮ ಎಂದು ಬರೆಯಬೇಕು, ಬರೆಯಲಾರೆ.

ವಿಷಯಕ್ಕೆ ಬರುತ್ತೇನೆ. ನಮ್ಮ ಗೆಳೆಯರ ಕ್ರಿಕೆಟ್ ಕ್ಲಬ್ಬು ನಿಮ್ಮನ್ನು ತಂಡಕ್ಕೆ ತೆಗೆದುಕೊಳ್ಳಬೇಕೋ ಬೇಡವೋ ಎನ್ನುವ ಮಾತು ಊರೆಲ್ಲ ಸುತ್ತಿ ಈಗ ನನ್ನ ಅಡುಗೆಮನೆಗೆ ಬಂದು ಕೂತಿದೆ. ಈ ಸಲ ಲೀಗಿನಲ್ಲಿ ನಮ್ಮವರು ಸೋತು ಸೋತು ತಳ ಕಂಡಿದ್ದಾರೆ. ಉಳಿದ ಪಂದ್ಯಗಳನ್ನು ಗೆಲ್ಲದಿದ್ದರೆ ಕೆಳಗಿನ ಡಿವಿಷನ್ನಿಗೆ ಇಳಿಯಬೇಕು. ತಾನು ಅಧ್ಯಕ್ಷನಾಗಿರುವಾಗ ಹೀಗಾಯಿತಲ್ಲ ಎಂದು ಅಪ್ಪ ಕೊಬ್ಬರಿ ಮಂಡಿಯಲ್ಲೂ ಯಾರ ಜೊತೆಗೂ ಸರಿಯಾಗಿ ಮಾತಾಡುತ್ತಿಲ್ಲ. ಅದಕ್ಕೇ ಸೆಕ್ರೆಟರಿ ಪುಟ್ಟರಂಗಯ್ಯನವರು ನಿಮ್ಮ ಹೆಸರು ಎತ್ತಿದ್ದು. "ನಮ್ಮ ಹನುಮಂತರಾಜು ಬಂದ್ರೆ ಬ್ಯಾಟಿಂಗೂ ಆಯ್ತು, ಬೌಲಿಂಗೂ ಆಯ್ತು. ಮ್ಯಾಟ್ ಮ್ಯಾಲೆ ಆಡಕ್ಕೆ ಅವನಷ್ಟು ತಿಳ್ದೋರು ಯಾರವ್ರೆ ಹೇಳಿ" ಎಂದು ಅವರು. ಕಮಿಟಿಯ ಕದರಯ್ಯ ಸುತರಾಂ ಒಪ್ಪಲಿಲ್ಲ. "ಆವಯ್ಯಂಗೆ ಮೂವತ್ತೆಂಟಾಗದೆ. ಬಾಲ್ ಹಿಂದೆ ಓಡೋರು ಯಾರು? ಬೆಳಿಯೋ ಹುಡುಗ್ರ ಜಾಗ ಕಿತ್ತು ಮುದುಕ್ರಿಗೆ ಕೊಡ್ತೀರಾ" ಎಂದು ಜಗಳಕ್ಕೇ ನಿಂತ. ಕಮಿಟಿ ಸರಿಸಮ ಎರಡು ಭಾಗವಾಯಿತು. ಕೊನೆಗೆ ಎಲ್ಲರೂ ಅಪ್ಪನ ಮುಖ ನೋಡಿದರು.

ಅಪ್ಪ ಮನೆಗೆ ಬಂದು ನನ್ನ ಮುಖ ನೋಡಿದರು. "ಅವನು ಟೀಮಿಗೆ ಬಂದ್ರೆ ಪ್ರತಿ ಭಾನುವಾರ ನಿನ್ ಕಣ್ಮುಂದೆ ಇರ್ತಾನೆ ಕಣವ್ವ. ನಿಂಗೆ ಬ್ಯಾಡ ಅನ್ಸಿದ್ರೆ ಬ್ಯಾಡ. ಕ್ಲಬ್ ಬಿದ್ದೋದ್ರೂ ಹೋಗ್ಲಿ ಬುಡು" ಎಂದರು. ಶನಿವಾರ ಸಂಜೆಯೊಳಗೆ ನಾನು ಬೇಕು ಅಥವಾ ಬೇಡ ಎನ್ನಬೇಕು. ಭಾನುವಾರ ಕಮಿಟಿ.

ನಾನು ಬೇಡ ಎನ್ನುವುದಕ್ಕೆ ಕಾರಣ ಹುಡುಕಬೇಕಾಗಿಲ್ಲ, ಅದು ನಿಮಗೂ ಗೊತ್ತು. ಮೂರು ವರ್ಷದ ಹಿಂದೆ ನಮ್ಮಮ್ಮ ತೀರಿಕೊಂಡ ದಿನ ನೀವು ಕುಣಿಗಲ್ಲಿನಲ್ಲಿ ಫೈನಲ್ ಆಡುತ್ತಿದ್ದಿರಿ. ಸುದ್ದಿ ಮುಟ್ಟಿದ ಮೇಲೂ ಬ್ಯಾಟ್ ಕೆಳಗಿಡಲಿಲ್ಲ. ಕಪ್ ಗೆದ್ದು, ಬಿಳಿ ಪ್ಯಾಂಟಿನ ಮಂಡಿಗೆ ಮಣ್ಣು ಮೆತ್ತಿಕೊಂಡು ನೀವು ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಅವತ್ತು ನಿಮ್ಮ ಮೇಲೆ ಕೋಪ ಬಂದು ಅಪ್ಪನ ಮನೆಯಲ್ಲೇ ಉಳಿದೆ, ಆ ಕೋಪ ಇವತ್ತಿಗೂ ಆರಿಲ್ಲ. ಆರಿದೆ ಎಂದು ಈ ಕಾಗದ ಬರೆಯುತ್ತಿದ್ದೇನೆ ಅಂದುಕೊಳ್ಳಬೇಡಿ.

ಆದರೆ ಈಗ ಬರೆಯುತ್ತಿರುವುದು ಬೇರೆ ಮಾತು. ಹೋದ ಭಾನುವಾರ ನಿಮ್ಮ ಟ್ರಯಲ್ ನಡೆದಾಗ ನಾನು ಗ್ರೌಂಡಿನಲ್ಲೇ ಇದ್ದೆ. ಪಿಚ್ಚಿಗೆ ಹಾಸುವ ಮ್ಯಾಟಿನ ಅಂಚು ಕಿತ್ತುಹೋಗಿತ್ತು. ದಬ್ಬಣ ಹಿಡಿದು ಹುರಿಯಲ್ಲಿ ಅದನ್ನು ಹೊಲಿಯುವ ಕೆಲಸ ಅಮ್ಮನ ಕಾಲದಿಂದಲೂ ನಮ್ಮ ಮನೆಯದೇ ಅಲ್ಲವೇ. ಮ್ಯಾಟ್ ಹಾಸಿ, ಎಳೆದು, ಸುತ್ತ ಮೊಳೆ ಬಡಿದಾದ ಮೇಲೆ ಪುಟ್ಟರಂಗಯ್ಯನವರು ನಿಮ್ಮ ಕೈಗೆ ಸುತ್ತಿಗೆ ಕೊಟ್ಟರು. "ಇನ್ನೂ ತೀರ್ಮಾನವೇ ಆಗಿಲ್ಲ, ಆಗ್ಲೇ ಸುತ್ತಿಗೆನಾ" ಎಂದು ಕದರಯ್ಯ ಗೊಣಗಿದ. ಕ್ಲಬ್ಬಿಗೆ ಹೊಸಬರು ಬರಲಿ, ಬಿಟ್ಟುಹೋದವರು ವಾಪಸು ಬರಲಿ, ಮೂಲೆಯ ಕೊನೆಯ ಮೊಳೆಯನ್ನು ಅವರ ಕೈಲೇ ಹೊಡೆಸಿದರೆ ಅವರು ನಮ್ಮವರು ಎಂದು ಲೆಕ್ಕ. ಮದುವೆಗೆ ಮುಂಚೆ ನೀವೂ ಹೊಡೆದಿದ್ದಿರಿ. ಒಂದೇ ಏಟಿಗೆ ತಲೆಮಟ್ಟ ಇಳಿಸಿದಿರಂತೆ. ಅಪ್ಪ ಮನೆಗೆ ಬಂದು "ಹುಡುಗನ ಕೈ ಗಟ್ಟಿ ಕಣೇ" ಎಂದು ಅಮ್ಮನಿಗೆ ಹೇಳಿದ್ದರಿಂದಲೇ ನಮ್ಮ ಮದುವೆ ಆಗಿದ್ದು.

ಈ ಸಲ ಮೊದಲನೇ ಏಟು ಮಣ್ಣಿಗೆ ಬಿತ್ತು. ಎರಡನೆಯದೂ ಮಣ್ಣಿಗೆ. ಆಮೇಲೆ ನೀವು ಎಡಗೈಯ ಬೆರಳಿನಿಂದ ಮೊಳೆಯ ತಲೆಯನ್ನು ಮುಟ್ಟಿ ನೋಡಿಕೊಂಡು ಹೊಡೆದಿರಿ. "ಪೀಟಿ ಮೇಷ್ಟ್ರು ಸೀಟಿ ಊದಿ ಊದಿ ಕೈಕೆಲಸ ಮರ್ತವ್ರೆ" ಎಂದು ಯಾರೋ ಅಂದರು, ಎಲ್ಲರೂ ನಕ್ಕರು. ನೀವೂ ನಕ್ಕಿರಿ. ನಿಮ್ಮ ನಗು ನನಗೆ ಗೊತ್ತಿಲ್ಲವೇ? ಅದು ತಪ್ಪು ಮುಚ್ಚಿಕೊಳ್ಳುವಾಗಿನ ನಗು.

ಆಮೇಲೆ ನಾನು ದಬ್ಬಣ, ಹುರಿ ಪಕ್ಕಕ್ಕಿಟ್ಟು ನಿಮ್ಮನ್ನೇ ನೋಡುತ್ತಾ ಕೂತೆ. ಬೌಲಿಂಗ್ ಮೊದಲಿನ ಹಾಗೇ ಇತ್ತು, ಚೆಂಡು ಹಾಕಿದಲ್ಲೇ ಬೀಳುತ್ತಿತ್ತು. ಪುಟ್ಟರಂಗಯ್ಯನವರಂತೂ ತೊಡೆ ತಟ್ಟಿಕೊಂಡರು. ಆದರೆ ಬ್ಯಾಟ್ ಹಿಡಿದಾಗ? ನೀವು ಯಾವತ್ತೂ ಎಡಭುಜವನ್ನು ಬೌಲರ್ ಕಡೆ ಇಟ್ಟು ಅಡ್ಡಕ್ಕೆ ನಿಲ್ಲುವವರು. ಭಾನುವಾರ ಫೋಟೋ ತೆಗೆಸಿಕೊಳ್ಳುವವರ ಹಾಗೆ ಎದೆ ಕೊಟ್ಟು, ಮುಖವನ್ನೆಲ್ಲ ತಿರುಗಿಸಿ ನಿಂತಿರಿ. ನಿಧಾನವಾಗಿ ಹಾಕಿದ ಚೆಂಡುಗಳೇ ಬ್ಯಾಟು ತಪ್ಪಿಸಿಕೊಂಡು ಹೋದವು. ಮ್ಯಾಟ್ ಸಡಿಲ ಇದೆ ಎಂದಿರಿ. ಆ ಮ್ಯಾಟನ್ನು ಹೊಲಿದವಳು ನಾನು, ಅದು ಸಡಿಲ ಇರಲಿಲ್ಲ.

ಮಜ್ಜಿಗೆ ಕೊಡುವ ನೆಪದಲ್ಲಿ ನಿಮ್ಮ ಎಡಗಡೆಯಿಂದ ಬಂದು ನಿಂತೆ. ನಿಮ್ಮ ಭುಜಕ್ಕೆ ತಾಗುವಷ್ಟು ಹತ್ತಿರ ನಿಂತರೂ ನೀವು ತಿರುಗಲಿಲ್ಲ. ನೋಡಿಯೂ ನೋಡದ ಹಾಗೆ ಇದ್ದಾರೆ, ಇಷ್ಟು ಸೊಕ್ಕೇ ಎಂದು ಮೈಯೆಲ್ಲ ಉರಿದುಹೋಯಿತು. ಲೋಟ ಅಲ್ಲೇ ಕುಕ್ಕಿ ಹೋಗೋಣ ಅಂದುಕೊಂಡೆ. ಅಷ್ಟರಲ್ಲಿ ನನ್ನ ಬಳೆ ಸದ್ದಾಯಿತು, ನೀವು ಬೆಚ್ಚಿಬಿದ್ದಿರಿ. ಲೋಟಕ್ಕೆ ಚಾಚಿದ ನಿಮ್ಮ ಕೈ ಲೋಟ ದಾಟಿ ಗಾಳಿಯನ್ನು ಹಿಡಿಯಿತು. ಆಗ ನನ್ನ ಕೋಪ ಎಲ್ಲಿ ಹೋಯಿತೋ ಗೊತ್ತಿಲ್ಲ.

ನಿಮ್ಮ ಎಡಗಣ್ಣು ಕಾಣುವುದಿಲ್ಲ. ಯಾವಾಗಿನಿಂದ, ಏನಾಗಿ, ಡಾಕ್ಟರಿಗೆ ತೋರಿಸಿದಿರಾ, ಒಂದೂ ನನಗೆ ಗೊತ್ತಿಲ್ಲ. ಗೊತ್ತಾಗಬೇಕಾದವಳು ನಾನು, ಆದರೆ ಗೊತ್ತಿಲ್ಲ. ಬಲಗಣ್ಣಾದರೂ ಎಷ್ಟು ಸರಿಯಿದೆಯೋ. ಅದಕ್ಕೇ ಇಷ್ಟು ದಪ್ಪಕ್ಷರ. ಈ ಕಾಗದವನ್ನು ಬೇರೆ ಯಾರ ಕೈಲೂ ಓದಿಸುವ ಗತಿ ನಿಮಗೆ ಬರಬಾರದು. ಸ್ಕೂಲಿಗೆ ಫೋನ್ ಮಾಡಬಹುದಿತ್ತು. ಹೆಡ್ ಮಾಸ್ಟರ ಮೇಜಿನ ಮುಂದೆ ನಿಂತು ನೀವು ಏನು ಮಾತಾಡುತ್ತೀರಿ?

ಈಗ ನನ್ನ ಸಂಕಟ ಕೇಳಿ. ಮುಂದಿನ ಪಂದ್ಯ ತುಮಕೂರಿನವರ ಮೇಲೆ. ಅವರಲ್ಲಿ ಹೊಸ ಬೌಲರ್ ಒಬ್ಬ ಬಂದಿದ್ದಾನೆ. ಹೋದ ವಾರ ಅವನ ಚೆಂಡು ಮ್ಯಾಟಿನಿಂದ ಎದ್ದು ಬೆಳ್ಳಾವಿಯ ಹುಡುಗನೊಬ್ಬನ ದವಡೆ ಮುರಿಯಿತು. ಆ ಹುಡುಗನಿಗೆ ಎರಡೂ ಕಣ್ಣು ನೆಟ್ಟಗಿದ್ದವು. ನೀವೋ, ಹೆಲ್ಮೆಟ್ ಹಾಕಿದರೆ ಗಾಳಿ ಆಡಲ್ಲ ಅನ್ನುವವರು. ನಾನು ಬೇಕು ಎಂದರೆ ನಿಮ್ಮನ್ನು ಆ ಬೌಲರ್ ಮುಂದೆ ನಿಲ್ಲಿಸಿದವಳು ನಾನೇ ಆಗುತ್ತೇನೆ. ಬೇಡ ಎಂದರೆ ಹೆಂಡತಿ ಹಳೇ ಸೇಡು ತೀರಿಸಿಕೊಂಡಳು, ಕ್ಲಬ್ಬನ್ನೂ ಮುಳುಗಿಸಿದಳು ಎಂದು ಊರೆಲ್ಲ ಆಡಿಕೊಳ್ಳುತ್ತದೆ. ಕಣ್ಣಿನ ವಿಷಯ ಹೇಳಿ ಪಾರಾಗೋಣ ಎಂದರೆ ಅದು ನನ್ನ ಬಾಯಿಂದ ಹೊರಡುವುದಿಲ್ಲ. ಅದು ನೀವು ಹೇಳಬೇಕಾದ ಮಾತು. ನಾನು ಹೇಳಿದರೆ ನಾಳೆ ಕುಣಿಗಲ್ ಸ್ಕೂಲಿಗೂ ಮುಟ್ಟುತ್ತದೆ, ಪೀಟಿ ಮೇಷ್ಟ್ರ ಕೆಲಸಕ್ಕೂ ಕುತ್ತು ಬರುತ್ತದೆ.

ಆದ್ದರಿಂದ ಇಷ್ಟು ಮಾಡಿ. ಶನಿವಾರ ಸ್ಕೂಲು ಬಿಟ್ಟ ಕೂಡಲೇ ಬಸ್ಸು ಹತ್ತಿ ಬನ್ನಿ. ಅಪ್ಪನನ್ನು ಒಬ್ಬರನ್ನೇ ಕರೆದು ಇರುವುದನ್ನು ಇದ್ದ ಹಾಗೆ ಹೇಳಿ. ಅಪ್ಪ ಬಾಯಿಬಡುಕರಲ್ಲ. ಬೌಲಿಂಗಿಗೆ ಮಾತ್ರ ತೆಗೆದುಕೊಳ್ಳಿ, ಬ್ಯಾಟ್ ಹಿಡಿಯಲೇಬೇಕಾಗಿ ಬಂದರೆ ಕೊನೆಗೆ, ಹೆಲ್ಮೆಟ್ ಹಾಕಿಕೊಂಡು ಹಿಡಿಯುತ್ತೇನೆ ಎನ್ನಿ. ಹಾಗಾದರೆ ಬೇಕು ಎನ್ನುವವರಲ್ಲಿ ಮೊದಲನೆಯವಳು ನಾನು. ಪ್ರತಿ ಭಾನುವಾರ ನಿಮ್ಮ ಮುಖ ನೋಡುವ ಕಷ್ಟವನ್ನು ಹೇಗೋ ತಡೆದುಕೊಳ್ಳುತ್ತೇನೆ. ನೀವು ಬರದಿದ್ದರೆ ಬೇಡ ಎನ್ನುತ್ತೇನೆ. ಯಾಕೆ ಎಂದು ಯಾರಿಗೂ ಹೇಳುವುದಿಲ್ಲ. ಊರು ಏನು ಬೇಕಾದರೂ ಅಂದುಕೊಳ್ಳಲಿ.

ಅವತ್ತು ಸುದ್ದಿ ಬಂದರೂ ಇನ್ನಿಂಗ್ಸ್ ಮುಗಿಸಿಯೇ ಬಂದಿರಿ. ಈ ಸಲ ಹಾಗೆ ಮಾಡಬೇಡಿ.

ಇಂತಿ,
ಪುಟ್ಟಗಂಗಮ್ಮ

ವಿ.ಸೂ.: ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಅಪ್ಪ ಶನಿವಾರದವರೆಗೆ ಕಾಯಲಿಲ್ಲ, ನಿನ್ನೆಯೇ ಕೇಳಿದರು. ಬೇಡ ಅಂದೆ. ಯಾಕವ್ವ ಎಂದರು. "ಆ ಮನುಷ್ಯನ ಮುಖ ನೋಡಕ್ಕೆ ನನ್ ಕೈಲಾಗಲ್ಲ" ಅಂದುಬಿಟ್ಟೆ. ಇವತ್ತು ಬೆಳಿಗ್ಗೆ ಪುಟ್ಟರಂಗಯ್ಯನವರು ದಾರಿಯಲ್ಲಿ ಸಿಕ್ಕಿ, ಮಾತಾಡಿಸದೆ ಹೋದರು. ಹೋಗಲಿ. ನೀವು ಬಂದು ಹೇಳಿದರೆ ಆ ಮಾತನ್ನು ಅಪ್ಪನ ಮುಂದೆಯೇ ವಾಪಸು ತೆಗೆದುಕೊಳ್ಳುತ್ತೇನೆ. ಶನಿವಾರ ಬರುವ ಧೈರ್ಯ ಆಗದಿದ್ದರೂ ಸೋಮವಾರ ತಪ್ಪಿಸಬೇಡಿ. ತುಮಕೂರಿನ ಬಟವಾಡಿಯಲ್ಲಿರುವ ಕಣ್ಣಿನ ಡಾಕ್ಟರ ಹತ್ತಿರ ನಿಮ್ಮ ಹೆಸರು ಬರೆಸಿದ್ದೇನೆ. ಬಸ್ಸಿಳಿದು ನನ್ನನ್ನು ಹುಡುಕಬೇಡಿ. ನಾನು ನಿಮ್ಮ ಬಲಗಡೆಗೇ ಬಂದು ನಿಲ್ಲುತ್ತೇನೆ.