ಸಮುದ್ರಕ್ಕೆ ಬಿಟ್ಟ ಗದ್ದೆ

ಹಳೆ ಒಡ್ಡಿನ ಮೇಲೆ ಸಮುದ್ರ ಹತ್ತಿದ ನಲವತ್ತೊಂದನೆಯ ವರ್ಷ, ಮಳೆಯ ಎರಡನೇ ಬಿಡುವು.

ಅಘನಾಶಿನಿಯ ದಂಡೆಯಲ್ಲಿ ತುಂಡು ಗದ್ದೆ ಮಾಡಿಕೊಂಡಿರುವ ಹಿರಿಯರಿಗೆ ಮಂಗಲಾ ಪಟಗಾರಳ ನಮಸ್ಕಾರಗಳು.

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗಲಿಕ್ಕಿಲ್ಲ, ಕ್ಷಮಿಸಿ. ನಿಮ್ಮ ನಂತರದ ಕಾಲದವರಾದ ನಾವು ವರ್ಷ ಎಣಿಸುವುದು ಹೀಗೆ. ಕೆಲವು ಮಾತುಗಳೂ ನಿಮಗೆ ಹೊಸವೆನಿಸಬಹುದು. ಬಂದಲ್ಲೇ ಬಿಡಿಸಿ ಹೇಳುತ್ತೇನೆ. ಗಜನಿ ಮಾತ್ರ ನಿಮಗೆ ಗೊತ್ತಿರುವುದೇ: ಹೊಳೆಯ ಉಪ್ಪುನೀರಿಗೆ ಒಡ್ಡು ಹಾಕಿ ಮಳೆಗಾಲದಲ್ಲಿ ಭತ್ತ ಬೆಳೆಯುವ ತಗ್ಗು ಗದ್ದೆ. ಅದು ಈಗಲೂ ಇದೆ, ಆದರೆ ನಿಮ್ಮ ಕಾಲದ ಜಾಗದಲ್ಲಿಲ್ಲ. ಜಾಗ ಬದಲಾದದ್ದು ಹೇಗೆಂದು ಹೇಳಲು ಕೂತಿದ್ದೇನೆ.

ನಾನು ಮದುವೆಯಾಗಿ ಬಂದಾಗ ನಮ್ಮ ಗದ್ದೆ ಒಡ್ಡಿಗೆ ತಾಗಿಯೇ ಇತ್ತು, ಎಲ್ಲರಿಗಿಂತ ಹೊರಗೆ. ಯಜಮಾನಿಕೆ ಅತ್ತೆ ಹೊನ್ನಿಯದು. ಆರಿದ್ರೆ, ಪುನರ್ವಸು ಎಂದು ಅತ್ತೆ ಮಳೆಗಳ ಹೆಸರು ಹೇಳುತ್ತಿದ್ದಳು, ಆದರೆ ಆ ಹೆಸರಿಗೆ ಮಳೆ ಓಗೊಡುತ್ತಿರಲಿಲ್ಲ. ವಾರಗಟ್ಟಲೆ ಬಿಸಿಲು, ಆಮೇಲೆ ಒಮ್ಮೆಲೇ ಸುರಿದು ಮುಗಿಯುವ ಮಳೆ. ಅದಕ್ಕೆ ನಾವು ರಾಶಿಮಳೆ ಎನ್ನುತ್ತೇವೆ. ಜಿಟಿಜಿಟಿ ಹಿಡಿದ ಮಳೆ ಗದ್ದೆಯ ಉಪ್ಪನ್ನು ತೊಳೆಯುತ್ತದೆ. ರಾಶಿಮಳೆ ಮೇಲಿಂದಲೇ ಹರಿದುಹೋಗುತ್ತದೆ. ಉಪ್ಪು ಮಣ್ಣಿನಲ್ಲೇ ಉಳಿಯಿತು, ಸಸಿ ಕೆಂಪಾಯಿತು.

ಊರಿನಲ್ಲಿ ಒಬ್ಬೊಬ್ಬರು ಒಂದೊಂದು ಕಾರಣ ಹೇಳಿದರು. ಒಡ್ಡು ಗಟ್ಟಿಯಿಲ್ಲ ಎಂದರು, ಹೊಳೆಬಾಯಿಯ ಮರಳು ತೆಗೆದದ್ದಕ್ಕೆ ಎಂದರು, ದೇವರ ಹರಕೆ ಬಾಕಿಯಿದೆ ಎಂದರು. ಬೇಸಿಗೆಯಲ್ಲಿ ಒಡ್ಡಿಗೆ ಮಣ್ಣು ಹೊರುವುದು, ಮಳೆಗಾಲದಲ್ಲಿ ಅದು ಕುಸಿಯುವುದು. ಅತ್ತೆ ಯಾರ ಮಾತನ್ನೂ ತೆಗೆದುಹಾಕಲಿಲ್ಲ. ಒಂದು ದಿನ ಭತ್ತದ ನಡುವೆ ಹುಟ್ಟಿದ್ದ ಕಾಂಡ್ಲಾ ಸಸಿಯನ್ನು ನನಗೆ ತೋರಿಸಿದಳು. ಒಡ್ಡಿನಾಚೆ, ಹೊಳೆಯ ಉಪ್ಪುಕೆಸರಿನಲ್ಲಿ ಬೆಳೆಯಬೇಕಾದ ಗಿಡ ಅದು. ಕೀಳಲು ಬಗ್ಗಿದೆ. ಅತ್ತೆ ನನ್ನ ಕೈ ಹಿಡಿದಳು.

ಆ ವರ್ಷ ಗದ್ದೆಯವರೆಲ್ಲ ಸೇರಿದಾಗ ಅತ್ತೆ ಎದ್ದು ಒಡ್ಡನ್ನು ಒಳಕ್ಕೆ ತರೋಣ ಎಂದಳು. ತನ್ನ ಗದ್ದೆ ಹೊರಗುಳಿಯಲಿ, ಕಾಂಡ್ಲಾ ಬೆಳೆದರೆ ಅದೇ ಅಲೆಯ ಪೆಟ್ಟು ತಡೆಯುತ್ತದೆ, ಬದಲಿಗೆ ಒಳಗಿನವರು ಒಂದೊಂದು ಪಟ್ಟಿ ಜಾಗ ಕೊಡಲಿ ಎಂದಳು. ಹೊಸ ಒಡ್ಡು ಹಾಯಬೇಕಾದದ್ದು ಮಾಸ್ತಿ ಗೌಡನ ಗದ್ದೆಯ ನಡುವೆ. ಅವನು ಕೂತಲ್ಲಿಂದಲೇ ಕೇಳಿದ:

"ಹೊನ್ನಕ್ಕ, ನಿನ್ನ ಗದ್ದೆ ಹೊಳೆ ತಿಂತದೆ ಅಂತ ನನ್ನ ಗದ್ದೆ ನೀ ತಿನ್ನೂದಾ?"

ಅತ್ತೆ ಸೀದಾ ಮನೆಗೆ ಬಂದಳು. ತಮ್ಮ ಅಪ್ಪ ಉತ್ತ ಗದ್ದೆಯನ್ನು ಬಾಯಾರೆ ಬಿಟ್ಟುಕೊಟ್ಟಳೆಂದು ನನ್ನ ಗಂಡನೂ ಬಹಳ ದಿನ ಅವಳೊಡನೆ ಮಾತು ಬಿಟ್ಟಿದ್ದರು.

ಮರುವರ್ಷ ರಾಶಿಮಳೆಯೂ ಹುಣ್ಣಿಮೆಯ ಭರತವೂ, ಅಂದರೆ ಸಮುದ್ರದ ಉಬ್ಬರವೂ, ಒಟ್ಟಿಗೆ ಬಂದವು. ಒಡ್ಡು ಒಡೆದು ಉಪ್ಪುನೀರು ಮಾಸ್ತಿಯ ಅಂಗಳದವರೆಗೆ ಹೋಯಿತು. ನೀರಿಳಿದಾಗ ಪೇಟೆಯ ಬೀಜದ ಸಸಿಗಳೆಲ್ಲ ಕೊಳೆತುಹೋಗಿದ್ದವು. ನಮ್ಮ ಗದ್ದೆಯಲ್ಲಿ ಅತ್ತೆ ಬಿತ್ತಿದ್ದ ಕಗ್ಗ ಮಾತ್ರ ಕೆಸರು ಕೊಡವಿಕೊಂಡು ತಲೆಯೆತ್ತಿತು. ಉಪ್ಪು ತಡೆದುಕೊಳ್ಳುವ ನಮ್ಮ ಹಳೆಯ ಭತ್ತ ಅದು. ಮನೆಯಲ್ಲಿ ಇನ್ನೂ ಒಂದಿಷ್ಟು ಬೀಜವಿತ್ತು.

ಮಾಸ್ತಿ ಗೌಡ ಬಂದು ಜಗಲಿಯ ಕೆಳಗೆ ನಿಂತ. ಅತ್ತೆ ಅವನ ಕೈಯ ಖಾಲಿ ಬುಟ್ಟಿ ನೋಡಿದಳು. ಒಳಹೋಗಿ ಇದ್ದ ಬೀಜದಲ್ಲಿ ಅರ್ಧ ತಂದು ಅವನ ಬುಟ್ಟಿಗೆ ಸುರಿದಳು. ಒಡ್ಡಿನ ಮಾತು ಈಗಲಾದರೂ ಎತ್ತೆಂದು ನಾನು ಕಣ್ಸನ್ನೆ ಮಾಡಿದೆ. ಅವನು ಹೋದ ಮೇಲೆ ಅತ್ತೆ ಅಂದಳು:

"ಹಸಿದವ ಬಂದಾಗ ಕರಾರು ಮಾಡೂಕಾಗ್ತದಾ? ಅವನ ಗದ್ದೆಲಿದ್ರೂ ಬೀಜ ಬೀಜವೇ."

ಕೊಯ್ಲು ಮುಗಿದು ಕೆಲವು ದಿನಗಳಾಗಿದ್ದವು. ಮಾಸ್ತಿ ತನ್ನ ಗದ್ದೆಯ ನಡುವೆ ತಾನೇ ಗೂಟ ಹೊಡೆಯುತ್ತಿರುವುದನ್ನು ಕಂಡೆವು. "ಇಲ್ಲಿಂದ ಕಟ್ಟುವಾ, ಹೊನ್ನಕ್ಕ" ಎಂದ, ಅಷ್ಟೆ.

ಹೊಸ ಒಡ್ಡು ಎದ್ದಿತು. ಅತ್ತೆಗೆ ಒಳಗಡೆ ಜಾಗ ಸಿಕ್ಕಿತು. ಆದರೂ ಹಳೆಯ ಗದ್ದೆಯ ಮೇಲೆ ಮೊದಲ ಭರತ ಹತ್ತಿದ ದಿನ ಅವಳು ಊಟ ಮಾಡಲಿಲ್ಲ. ತಾನೇ ಹೇಳಿ ಮಾಡಿಸಿದ ಕೆಲಸ, ಆದರೂ ಸಂಕಟ ಸಂಕಟವೇ. ಈಗ ಅಲ್ಲಿ ಕಾಂಡ್ಲಾ ಕಾಡಿದೆ. ಅಂಥ ಜಾಗವನ್ನು ಬಿಟ್ಟಗದ್ದೆ ಎನ್ನುತ್ತೇವೆ. ಅದಕ್ಕೆ ಬೇಲಿಯಿಲ್ಲ, ಇಳಿತದಲ್ಲಿ ಯಾರು ಬೇಕಾದರೂ ಹೋಗಿ ಕೆಸರಿನ ಬಳಚು ಚಿಪ್ಪು ಹೆಕ್ಕಬಹುದು. ಆಮೇಲೆ ಒಡ್ಡು ಇನ್ನೊಮ್ಮೆ ಹಿಂದೆ ಸರಿದಿದೆ. ಯಾರೂ ಜಗಳವಾಡದೆ ಜಾಗ ಕೊಟ್ಟರು ಎಂದರೆ ಸುಳ್ಳಾಗುತ್ತದೆ. ಜಗಳವಾಡಿಯೇ ಕೊಟ್ಟರು.

ನಿಮ್ಮಲ್ಲಿ ಒಂದು ಕೋರಿಕೆಯಿದೆ. ಅತ್ತೆಗೆ ಆ ಕಗ್ಗದ ಬೀಜ ಬಂದದ್ದು ಅವಳ ಅಜ್ಜಿಯಿಂದ, ಅಜ್ಜಿಗೆ ನಿಮ್ಮಲ್ಲಿ ಯಾರಿಂದಲೋ. ಅವರ ಹೆಸರು ನಮ್ಮವರೆಗೆ ಬಂದಿಲ್ಲ. ಬಿತ್ತುತ್ತಲೇ ಇದ್ದರೆ ಮಾತ್ರ ಬೀಜ ಉಳಿಯುತ್ತದೆ. ಅಕ್ಕಿ ದಪ್ಪ, ಪೇಟೆಯಲ್ಲಿ ಕೇಳುವವರಿಲ್ಲ, ಸುಮ್ಮನೆ ಯಾಕೆ ಮೈ ಮುರಿದುಕೊಳ್ಳುತ್ತೀ ಎಂದು ನಿಮ್ಮ ಮನೆಯವರೇ ಅಂದಿರಬೇಕು. ಆ ಮಾತು ಕೇಳಿಸಿಕೊಂಡೂ ಗದ್ದೆಗಿಳಿದವರು ನೀವಾದರೆ, ಈ ವರ್ಷವೂ ಒಂದು ಮೂಲೆಗೆ ಕಗ್ಗ ಬಿತ್ತಿ. ಯಾರಿಗಾಗಿ ಎಂದು ಅವರು ಕೇಳಿದರೆ, ನಿಮ್ಮ ಮುಂದಿನವರಾದ ನಾವು ಇಲ್ಲಿ ಅದನ್ನೇ ಉಂಡು ಕೂತಿದ್ದೇವೆ ಎಂದು ಹೇಳಿ.